ಇಪ್ಪತ್ತನೆಯವನು

ಬೆಳಿಗ್ಗೆ ಎದ್ದಾಗಿನಿಂದ ಅವನು ಮೂರು ಅಂಗಿ ಹಾಕಿ ಮೂರನ್ನೂ ಬಿಚ್ಚಿ ಮಂಚದ ಮೇಲೆ ಎಸೆದಿದ್ದ. ಬೂದು ಬಣ್ಣದ್ದು ಆಗದು, ಅದರ ಜೋಡಿ ತಮ್ಮನ ಹತ್ತಿರ ಇದೆ. ಗೆರೆಯದ್ದೂ ಹಾಗೆಯೇ. ತಿಳಿನೀಲಿಯದ್ದನ್ನಂತೂ ಹೋದ ವರ್ಷವಷ್ಟೇ ಒಂದೇ ಬಟ್ಟೆಯಲ್ಲಿ ಇಬ್ಬರಿಗೂ ಹೊಲಿಸಿದ್ದು. ಅದು ಅಮ್ಮ ಹಾಕಿಕೊಟ್ಟ ರೂಢಿ. ದೊಡ್ಡವನಿಗೆ ಕತ್ತರಿಸಿ ಉಳಿದದ್ದರಲ್ಲಿ ಚಿಕ್ಕವನದಾಗುತ್ತದೆ ಎನ್ನುತ್ತಿದ್ದಳು. ಅಮ್ಮ ಹೋಗಿ ಒಂಬತ್ತು ವರ್ಷವಾದರೂ ದರ್ಜಿ ಹೇಳಿಸಿಕೊಳ್ಳದೆಯೇ ಪುಸ್ತಕದ ಹಳೆಯ ಪುಟ ತಿರುವಿ ಎರಡನೆಯ ಅಳತೆಯನ್ನೂ ನೋಡುತ್ತಾನೆ, "ಸಣ್ಣೋರು ದಪ್ಪ ಆಗಿದಾರಾ ಸಾರ್?" ಅನ್ನುತ್ತಾನೆ, ಇವನು ನೋಡಿ ಎಷ್ಟು ದಿನವಾಯಿತೆಂದು ಒಳಗೇ ಎಣಿಸುತ್ತ "ಹಾಗೇ ಇದಾನೆ" ಅನ್ನುತ್ತಾನೆ. ಐವತ್ತೆರಡು ವರ್ಷದ ಗಂಡಸು ಕನ್ನಡಿಯ ಮುಂದೆ ಬನಿಯನ್ನಿನಲ್ಲಿ ನಿಂತು, ಯಾವ ಅಂಗಿ ಹಾಕಿದರೆ ತಾನು ತನ್ನ ತಮ್ಮನ ಅಣ್ಣನಂತೆ ಕಾಣುವುದಿಲ್ಲ ಎಂದು ಯೋಚಿಸುತ್ತಿರುವುದು ಹೊಳೆದಾಗ ಅವನಿಗೆ ನಗು ಬಂತು. ನಗು ಅರ್ಧಕ್ಕೇ ನಿಂತು ಬಾಯಿ ಮಾತ್ರ ತೆರೆದೇ ಉಳಿಯಿತು. ಹಾಗೆ ತೆರೆದ ಬಾಯಿ ಥೇಟ್ ತಮ್ಮನದೇ. ಮುಚ್ಚಿಕೊಂಡ. ಹನ್ನೊಂದು ಗಂಟೆಗೆ ಇಲಾಖೆಯ ಅಧಿಕಾರಿ ಆಶ್ರಯಧಾಮದ ತಪಾಸಣೆಗೆ ಬರುವವರಿದ್ದರು. ತಮ್ಮ ಇರುವುದು ಅಲ್ಲೇ. ಅರ್ಜಿ ಬರೆದವನಾಗಿ ಇವನೂ ಅಲ್ಲಿರಬೇಕಿತ್ತು.

ಕೊನೆಗೆ ಪೆಟ್ಟಿಗೆಯ ತಳದಿಂದ ಒಂದು ಬಿಳಿ ಅಂಗಿ ಸಿಕ್ಕಿತು. ಮೇಣದಬತ್ತಿ ಮಾಡುವ ಗಂಡ ಹೆಂಡತಿ ತಮಗೆ ಅನುದಾನ ಮಂಜೂರಾದ ವರ್ಷ ಕೊಟ್ಟದ್ದು, ಮಡಿಕೆ ಬಿಚ್ಚಿರಲಿಲ್ಲ. ಆಗ ಇಬ್ಬರೂ ಅವನ ಕಚೇರಿಗೆ ಬಂದು, ಇರುವ ಒಂದೇ ಬೆಂಚಿನ ಮೇಲೆ ಕೂತು, ನೀವಿಲ್ಲದಿದ್ದರೆ ನಾವಿಲ್ಲ ಎಂದು ಅತ್ತಿದ್ದರು. ಈಗ ಅವರದು ಹದಿನಾಲ್ಕು ಕೆಲಸಗಾರರ ಕಾರ್ಖಾನೆ. ಮೊನ್ನೆ ಬ್ಯಾಂಕಿನ ಮೆಟ್ಟಿಲ ಮೇಲೆ ಎದುರಾದಾಗ ಗಂಡ ಫೋನನ್ನು ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದ. ಫೋನು ಬೆಳಗಿರಲಿಲ್ಲ. ಇವನಿಗೆ ಅದರಿಂದ ಬೇಜಾರಾಗಲಿಲ್ಲ, ಅಥವಾ ಬೇಜಾರನ್ನು ಎಂದೋ ಕೆಲಸದ ಒಂದು ಭಾಗವಾಗಿ ಒಪ್ಪಿಕೊಂಡಿದ್ದ. ಮನುಷ್ಯ ಸೋತು ಕೂತಾಗ ಎದುರಿಗಿದ್ದವನನ್ನು ಗೆದ್ದ ಮೇಲೆ ನೋಡುವುದು ಯಾರಿಗೂ ಕಷ್ಟವೇ. ಜೆರಾಕ್ಸ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ, ಕೆಳಗಿನ ಯಂತ್ರದ ಬಿಸಿ ನೆಲದಿಂದ ಪಾದಕ್ಕೇರುತ್ತಿದ್ದ ಆ ಕುರ್ಚಿಯಲ್ಲಿ, ಇಪ್ಪತ್ತಮೂರು ವರ್ಷ ಅವನು ಬೇರೆಯವರ ಇಲ್ಲಗಳನ್ನು ಬರೆದಿದ್ದ. ಬ್ರೆಡ್ ಬೇಯಿಸುವ ವಿಧವೆಗೆ ಒಲೆ ಇಲ್ಲ. ಸೈಕಲ್ ರಿಪೇರಿಯವರ ಸಂಘಕ್ಕೆ ಚಾವಣಿ ಇಲ್ಲ. ಕುರುಡರ ಗ್ರಂಥಾಲಯದಲ್ಲಿ ಪುಸ್ತಕಗಳಿವೆ, ಕಪಾಟಿಲ್ಲ. ಸರ್ಕಾರದಲ್ಲಿ ಹಣ ಇರುತ್ತದೆ, ಯೋಜನೆ ಇರುತ್ತದೆ, ಯೋಜನೆಗೆ ನಮೂನೆ ಇರುತ್ತದೆ, ನಮೂನೆಯಲ್ಲಿ "ಅವಶ್ಯಕತೆಯ ವಿವರಣೆ, ಇನ್ನೂರು ಪದ ಮೀರದಂತೆ" ಎಂಬ ಒಂದು ಕಾಲಂ ಇರುತ್ತದೆ. ನಿಜವಾಗಿ ಅವಶ್ಯಕತೆ ಇದ್ದವರು ಆ ಕಾಲಮ್ಮಿನ ಎದುರು ಪೆನ್ನು ಹಿಡಿದು ಕಲ್ಲಾಗುತ್ತಾರೆ. ಅವನ ಕಸುಬು ಅಷ್ಟೇ. ಗೋಗರೆಯಬಾರದು, ಹೆಚ್ಚು ಹೇಳಬಾರದು, ಓದುವ ಅಧಿಕಾರಿಗೆ ಆ ಕೊರತೆಯನ್ನು ತಾನೇ ಕಂಡುಹಿಡಿದೆ ಅನ್ನಿಸಬೇಕು. ಊರವರು ಅವನನ್ನು ಅರ್ಜಿ ಮಾಸ್ತರು ಎಂದು ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಮುಗಿದುಹೋಗಿದ್ದರು.

ಬಿಳಿ ಅಂಗಿಯ ಕಾಲರು ಕತ್ತಿಗೆ ಚುಚ್ಚುತ್ತಿತ್ತು. ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ಮಡಿಕೆ ಹಾಳಾಗುತ್ತದೆಂದು ನಿಂತ. ಮರದ ಡಿಪೋ, ಅರ್ಧ ಕಟ್ಟಿ ಬಿಟ್ಟ ಮೇಲ್ಸೇತುವೆ, ನೀರಿನ ಟ್ಯಾಂಕು. ಒಂದು ಕಾಲದಲ್ಲಿ ಪ್ರತಿ ಭಾನುವಾರ ಈ ದಾರಿಯಲ್ಲಿ ಹೋಗುತ್ತಿದ್ದ. ಆಮೇಲೆ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ, ಈಗ ತಿಂಗಳ ಮೊದಲ ಭಾನುವಾರ ಮಾತ್ರ. ಹೀಗೆ ಕಡಿಮೆಯಾದದ್ದು ಯಾವತ್ತು ಎಂದು ಅವನನ್ನೇ ಕೇಳಿದರೂ ಹೇಳಲಾರ. ಅಮ್ಮ ಸತ್ತ ಮೇಲೆ ಎರಡು ತಿಂಗಳ ಮಟ್ಟಿಗೆ ಎಂದು ತಮ್ಮನನ್ನು ಅಲ್ಲಿ ಬಿಟ್ಟದ್ದು. ಧಾಮ ನಡೆಸುವಾಕೆ ಮೊದಲು ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಎಲ್ಲರಿಗೂ ದೊಡ್ಡಕ್ಕ. ಅವಳು ಅವನಿಂದ ಖರ್ಚೆಂದು ಏನನ್ನೂ ಕೇಳಲಿಲ್ಲ, ಅವನು ಅವಳ ಅರ್ಜಿಗಳಿಗೆ ಏನನ್ನೂ ಕೇಳಲಿಲ್ಲ. ಇಬ್ಬರೂ ಬಾಯಿಬಿಟ್ಟು ಆಡದ ಒಪ್ಪಂದ ಅದು. ಎರಡು ತಿಂಗಳು ಒಂಬತ್ತು ವರ್ಷವಾಯಿತು.

ಈ ಅರ್ಜಿ ಶುರುವಾದಾಗ ಸುಳ್ಳಿನ ಮಾತೇ ಇರಲಿಲ್ಲ. ಯಾರೂ ಇಲ್ಲದವರನ್ನು ಇಟ್ಟುಕೊಂಡ ಧಾಮಗಳಿಗೆ ಹೊಸ ಕಟ್ಟಡ ಕಟ್ಟಲು ಅನುದಾನ, ಕನಿಷ್ಠ ಇಪ್ಪತ್ತು ಮಂದಿ ದಿಕ್ಕಿಲ್ಲದವರಿರಬೇಕು. ದೊಡ್ಡಕ್ಕನಲ್ಲಿ ಸರಿಯಾಗಿ ಇಪ್ಪತ್ತು ಮಂದಿ ಇದ್ದರು, ಇವನ ತಮ್ಮನನ್ನೂ ಮನೆಯವರಿದ್ದ ಇನ್ನು ಮೂವರನ್ನೂ ಬಿಟ್ಟು. ಕಾಗದ ಎಲ್ಲ ತಯಾರಾದ ವಾರ ಗಡಿಯಾರದಮ್ಮ ತೀರಿಕೊಂಡಳು. ಬಂದವರನ್ನೆಲ್ಲ ಗಂಟೆ ಎಷ್ಟೆಂದು ಕೇಳುತ್ತಿದ್ದ ಮುದುಕಿ, ಕೇಳುವುದನ್ನು ಒಂದು ಮಧ್ಯಾಹ್ನ ನಿಲ್ಲಿಸಿದಳು. ಹತ್ತೊಂಬತ್ತು. ದೊಡ್ಡಕ್ಕ ಅವನ ಕಚೇರಿಗೆ ಬಂದು ಬೆಂಚಿನ ಮೇಲೆ ಕೂತು, "ಹೋಗಲಿ ಬಿಡಿ ಮಾಸ್ತ್ರೇ, ನಮ್ಮ ಹಣೇಲಿಲ್ಲ. ಆ ತಗಡಿನ ಕೆಳಗೇ ಇನ್ನೊಂದು ವರ್ಷ ತಳ್ಳಿದ್ರಾಯ್ತು," ಎಂದಳು. ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಬೇಡ ಎನ್ನಬಹುದಿತ್ತು. ಅವನೇ, ಪೆನ್ನಿನ ಟೊಪ್ಪಿ ಮುಚ್ಚಿ ತೆಗೆದು ಮುಚ್ಚಿ, "ನಮ್ಮವನನ್ನ ಸೇರಿಸೋಣ," ಎಂದ. ಅವಳು ಅವನ ಮುಖವನ್ನೇ ನೋಡಿದಳು. "ಬೇಡ," ಎಂದಳು. ಏಳಲು ಹೋದವಳು ಮತ್ತೆ ಕೂತು, "ನಿಮಗೆ ಅಭ್ಯಂತರ ಇಲ್ವಾ?" ಎಂದಳು. ಅವಳು ಹೋದ ಮೇಲೆ ಅವನು ತಂದೆಯ ಹೆಸರಿನ ಮುಂದೆ "ತಿಳಿದುಬಂದಿಲ್ಲ" ಎಂದು ಬರೆದ. ಅಪ್ಪ ರೈಲ್ವೆ ಗೋದಾಮಿನಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ, ತನ್ನ ಹೆಸರನ್ನು ಕೊಡೆಯ ಹಿಡಿಯ ಮೇಲೂ ಕೊರೆಸಿಕೊಂಡಿದ್ದವನು. ಆಮೇಲೆ ಇಪ್ಪತ್ತನೆಯ ಫಲಾನುಭವಿಯ ವಿವರಣೆ. ಅದು ಒಂದೇ ಉಸಿರಿಗೆ ಬಂತು. ಒಂದು ಅಕ್ಷರ ಹೊಡೆದುಹಾಕಬೇಕಾಗಲಿಲ್ಲ. ಮುಗಿಸಿ ಓದಿದಾಗ ಇಪ್ಪತ್ತಮೂರು ವರ್ಷದಲ್ಲಿ ತಾನು ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿದೆ ಎಂದು ಖುಷಿಯಾಯಿತು, ಮೈ ಹಗುರವಾಯಿತು. ಆ ಹಗುರವೇ ಅವನನ್ನು ಇವತ್ತಿನವರೆಗೂ ಕಾಡುತ್ತಿದ್ದುದು. ಹತ್ತೊಂಬತ್ತು ಮಂದಿಗೆ ಒಳ್ಳೆಯದಾಗಲೆಂದು ಬರೆದೆ ಅನ್ನುವುದು ನಿಜವೇ. ಆದರೆ ಯಾರೂ ಇಲ್ಲ ಎಂದು ಬರೆದ ಕ್ಷಣ, ಪೆನ್ನಿನ ತುದಿಯಲ್ಲಿ, ಒಂದು ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡು ತಾನು ಅದರ ಆಚೆಗೆ, ಗಾಳಿಯಲ್ಲಿ ನಿಂತಿದ್ದೇನೆ ಅನ್ನಿಸಿದ್ದೂ ನಿಜ.

ಹಾಗೆ ಆಚೆ ನಿಂತದ್ದು ಅದೇ ಮೊದಲೂ ಅಲ್ಲ. ಇಪ್ಪತ್ತೇಳರ ವಯಸ್ಸು. ಮದುವೆಯ ಮಾತಿಗೆಂದು ಬಂದವರು ಮುಂದಿನ ಕೋಣೆಯಲ್ಲಿ ಕೂತಿದ್ದರು. ಹುಡುಗಿಯ ಸೋದರಮಾವ ನೀರು ಕುಡಿಯಲು ಎದ್ದವನು ಹಿತ್ತಿಲ ಕಡೆ ನೋಡಿ, "ಅಲ್ಲಿ ಕೂತು ನಗ್ತಿದಾನಲ್ಲ, ಯಾರದು?" ಎಂದ. "ಪಕ್ಕದ ಮನೆಯವನು," ಎಂದ ಇವನು. ಎಷ್ಟು ಸಲೀಸಾಗಿ ಬಂತು ಆ ಮಾತು, ಬಾಯಲ್ಲೇ ಕಾದು ಕೂತಿದ್ದ ಹಾಗೆ. ಅಡುಗೆಮನೆಯಲ್ಲಿ ಅಮ್ಮನ ಪಾತ್ರೆಯ ಸದ್ದು ನಿಂತಿತು. ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಆ ಸಂಬಂಧ ಬೇರೆ ಯಾವುದೋ ಕಾರಣಕ್ಕೆ ಮುರಿಯಿತು, ಅದಾದ ಮೇಲೆ ಅವನು ಮದುವೆಯ ಮಾತಿಗೆ ಒಪ್ಪಲಿಲ್ಲ. ನೆಂಟರು ತಮ್ಮನಿಗಾಗಿ ಬದುಕನ್ನೇ ಬಿಟ್ಟ ಪುಣ್ಯಾತ್ಮ ಎಂದರು, ಅವನು ಅದನ್ನು ಅಲ್ಲಗಳೆಯಲಿಲ್ಲ. ಅಮ್ಮ ಮಾತ್ರ ಆ ದಿನದ ಬಗ್ಗೆ ಸಾಯುವ ತನಕ ಒಂದು ಮಾತೂ ಎತ್ತಲಿಲ್ಲ. ಅವತ್ತು ಸಂಜೆ ಎಂದಿನಂತೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಬಡಿಸಿದಳು. ಅವನ ತಟ್ಟೆಗೆ ಒಂದು ತುತ್ತು ಹೆಚ್ಚೇ ಬಿತ್ತು. ಬೈದಿದ್ದರೆ ಮುಗಿದುಹೋಗುತ್ತಿತ್ತು. ಬಸ್ಸು ನಿಂತಿತ್ತು. "ಟ್ಯಾಂಕ್ ಸ್ಟಾಪ್ ಇಳಿಯೋರು ಇಳೀರಿ," ಎಂದ ಕಂಡಕ್ಟರು ಇವನ ಮುಖ ನೋಡಿ, "ಆಗ್ಲಿಂದ ಇಳಿಯೋ ಹಾಗೆ ನಿಂತಿದ್ರಿ, ಇಳಿಯಲ್ವಾ?" ಎಂದ.

ಧಾಮ ಹಿಂದೆ ಗೋಣಿಚೀಲದ ಗೋದಾಮಾಗಿತ್ತು. ಉದ್ದನೆಯ ಒಂದೇ ಹಜಾರ, ಮೇಲೆ ತಗಡು. ಬಿಸಿಲಿಗೆ ತಗಡು ಟಣ್ ಟಣ್ ಎಂದು ಹಿಗ್ಗುವ ಸದ್ದು, ಕೆಳಗೆ ಎರಡು ಸಾಲು ಮಂಚ, ಸೋರುವ ಕಡೆಗಳಲ್ಲಿ ಕಾಯಂ ಆಗಿ ಇಟ್ಟ ಬಕೆಟ್ಟುಗಳು, ಫಿನಾಯಿಲಿನ ವಾಸನೆ. ಪಕ್ಕದಲ್ಲಿ ಹುಲ್ಲು ಬೆಳೆದ ಖಾಲಿ ಜಾಗ, ಹೊಸ ಕಟ್ಟಡ ಬರಬೇಕಾದದ್ದು ಅಲ್ಲಿ. ದೊಡ್ಡಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದಳು. "ಹತ್ತು ದಿನದಿಂದ ಹೇಳಿಕೊಟ್ಟಿದೀನಿ ಮಾಸ್ತ್ರೇ. ಇವತ್ತು ಅಣ್ಣ ಅನ್ಬಾರ್ದು, ಸರ್ ಅನ್ಬೇಕು ಅಂತ. ಬಿಸ್ಕತ್ತು ತೋರಿಸಿ ತೋರಿಸಿ ಹೇಳಿದೀನಿ. ಪಾಪ, ಬಿಸ್ಕತ್ತು ಬೇಡ ಅಂದ್ಬಿಟ್ಟ." "ಯಾಕಂತೆ?" "ಅದ್ಯಾಕೆ ಅಂತ ಕೇಳ್ದ. ಅಣ್ಣ ಅಂದ್ರೆ ನಮಗೆ ಹೊಸ ಮನೆ ಕೊಡಲ್ಲ ಅಂದೆ. ಇನ್ನೇನು ಹೇಳ್ಲಿ ನಾನು? ಆಮೇಲೆ ಏನೂ ಕೇಳ್ಲಿಲ್ಲ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು.

ತಮ್ಮ ತನ್ನ ಮಂಚದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಆ ಗತ್ತಿಗಾಗಿ ಅವನಿಗಲ್ಲಿ ರಾಯರು ಎಂಬ ಹೆಸರಿತ್ತು. ತೊಡೆಯ ಮೇಲೆ ಹಳೆಯ ಪತ್ರಿಕೆಗಳು, ಪಕ್ಕದಲ್ಲಿ ಅಂಟಿನ ಬಟ್ಟಲು. ಧಾಮದವರು ಅಂಗಡಿಗಳಿಗೆ ಕಾಗದದ ಚೀಲ ಮಾಡಿಕೊಡುತ್ತಿದ್ದರು. ಬೇರೆ ದಿನವಾದರೆ ಇಷ್ಟು ಹೊತ್ತಿಗೆ ಆ ದಪ್ಪ ದೇಹ ಓಡಿಬಂದು, ಅಂಗಿಯ ತೋಳನ್ನು ಹಿಡಿದು, ಸಾಲಿನ ಈ ಕೊನೆಯಿಂದ ಆ ಕೊನೆಯವರೆಗೂ ಎಳೆದುಕೊಂಡು ಹೋಗಿ "ಅಣ್ಣ ಬಂದ, ನಮ್ಮಣ್ಣ ಬಂದ" ಎಂದು ಪ್ರತಿ ಮಂಚಕ್ಕೂ ಸಾರಬೇಕಿತ್ತು. ಅದರಿಂದ ಅವನಿಗೆ ಯಾವಾಗಲೂ ನಾಚಿಕೆಯಾಗುತ್ತಿತ್ತು, ತೋಳಿಗೆ ಅಂಟು ಮೆತ್ತಿಕೊಳ್ಳುತ್ತಿತ್ತು. ಇವತ್ತು ತಮ್ಮ ತಲೆಯೆತ್ತಿ ನೋಡಿದ. ಕಣ್ಣು ಅಗಲವಾಯಿತು, ಕೆನ್ನೆಯ ತನಕ ಏನೋ ಉಕ್ಕಿ ಬಂತು, ಅಷ್ಟರಲ್ಲಿ ತುಟಿಗಳನ್ನು ಒಳಗೆ ಕಚ್ಚಿಕೊಂಡು ತಲೆ ತಗ್ಗಿಸಿ ಕಾಗದ ಮಡಚತೊಡಗಿದ. ಬೂಟಿನ ಲೇಸು ಕಟ್ಟುವುದನ್ನು, ಒಂದರಿಂದ ಹತ್ತು ಎಣಿಸುವುದನ್ನು, ರಸ್ತೆ ದಾಟುವುದನ್ನು ಇವನೇ ವರ್ಷಗಟ್ಟಲೆ ಕಲಿಸಲು ಹೋಗಿ ಸೋತು ಕೈಬಿಟ್ಟಿದ್ದ, ಒಮ್ಮೊಮ್ಮೆ ಕೈಯನ್ನೂ ಮಾಡಿದ್ದ. ಈ ಒಂದು ಪಾಠ ಹತ್ತೇ ದಿನಕ್ಕೆ ಬಂದುಬಿಟ್ಟಿತ್ತು.

ಅಧಿಕಾರಿ ಬಂದದ್ದು ಹೇಳಿದ ಹೊತ್ತಿಗೇ. ಮೂವತ್ತೈದರ ಆಸುಪಾಸಿನ ಹೆಂಗಸು, ಸಣ್ಣಗೆ ಕೆಮ್ಮು, ಕಂಕುಳಲ್ಲಿ ಫೈಲು. ಅವಳು ಕುರ್ಚಿ ಬೇಡವೆಂದಳು, ನೀರು ಬೇಡವೆಂದಳು. ಹಜಾರದ ಉದ್ದಕ್ಕೂ ನಡೆದು ತಗಡಿನ ತೂತುಗಳನ್ನು ನೋಡಿದಳು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು, ಅಡುಗೆಯವಳ ಹತ್ತಿರ ನಿಂತು ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತೀರಿ ಎಂದು ಕೇಳಿದಳು. ಎಷ್ಟೋ ತಪಾಸಣೆ ಕಂಡ ಅವನಿಗೆ ಇವಳನ್ನು ನೋಡಿ ಭಯವಾಯಿತು. ಮೇಜಿನ ಬಳಿಯೇ ಕೂತು ಸಹಿ ಹಾಕಿ ಹೋಗುವ ಜಾತಿಯಲ್ಲ ಇದು, ಓದಿಕೊಂಡು ಬಂದ ಜಾತಿ. ಅವಳು ಪಟ್ಟಿ ಹಿಡಿದು ಒಬ್ಬೊಬ್ಬರ ಮಂಚದ ಬಳಿಯೂ ನಿಂತು ಮುಖ ನೋಡಿ ಗುರುತು ಹಾಕುತ್ತ ಬಂದಳು. ಹತ್ತೊಂಬತ್ತಾದವು. ತಮ್ಮನ ಮಂಚದ ಹತ್ತಿರ ಬಂದಾಗ ಕೂರಲು ಅಪ್ಪಣೆ ಕೇಳುವವಳಂತೆ ಅವನನ್ನು ನೋಡಿ, ಅಂಚಿನಲ್ಲಿ ಕೂತಳು.

"ಈ ವಿವರಣೆ ಬರೆದವರು ನೀವೇನಾ?" ಎಂದು ಇವನ ಕಡೆ ತಿರುಗಿ ಕೇಳಿದಳು.

"ಹೌದು ಮೇಡಂ."

"ವರ್ಷಕ್ಕೆ ಮುನ್ನೂರು ಅರ್ಜಿ ಓದ್ತೀನಿ. ಓದಿ ಎದ್ದು ಹೋಗಿ ಮುಖ ತೊಳ್ಕೊಂಡಿದ್ದು ಇದೊಂದಕ್ಕೇ." ಅವಳು ಫೈಲು ಬಿಚ್ಚಿ, ಅವನು ಬೇಡವೆನ್ನುವ ಮೊದಲೇ, ಮಗ್ಗುಲ ಮಂಚದವರಿಗೂ ಕೇಳುವಂತೆ ಓದಿದಳು. "ಇವರಿಗೆ ಅಕ್ಷರ ಬಾರದು, ಗಡಿಯಾರ ನೋಡಲು ಬಾರದು. ಆದರೆ ಭಾನುವಾರ ಯಾವತ್ತೆಂದು ಗೊತ್ತು. ಭಾನುವಾರ ಬೆಳಿಗ್ಗೆ ತಾವೇ ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು, ಗೇಟಿನ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂರುತ್ತಾರೆ. ಯಾರಿಗಾಗಿ ಎಂದು ಕೇಳಿದರೆ ನಗುತ್ತಾರೆ. ಊಟಕ್ಕೆ ಕರೆದರೆ ಆಮೇಲೆ ಎನ್ನುತ್ತಾರೆ. ಕತ್ತಲಾದ ಮೇಲೆ ಒಳಗೆ ಬಂದು ಚಪ್ಪಲಿ ಬಿಚ್ಚಿ, ಎರಡನ್ನೂ ಸರಿಯಾಗಿ ಜೋಡಿಸಿ ಮಂಚದ ಕೆಳಗಿಡುತ್ತಾರೆ. ಇವರನ್ನು ನೋಡಲು ಬರುವವರು ಯಾರೂ ಇಲ್ಲ."

ತಗಡು ಒಂದು ಸಲ ಟಣ್ ಎಂದಿತು. ಭಾನುವಾರದ ಆ ಕಾಯುವ ಸಂಗತಿಯನ್ನು ಅವನಿಗೆ ಹೇಳಿದವಳು ದೊಡ್ಡಕ್ಕನೇ, ಒಂದು ವರ್ಷದ ಹಿಂದೆ, ಆಕ್ಷೇಪಣೆಯಾಗಿ ಅಲ್ಲ, ಮಾತಿಗೆ ಮಾತು ಬಂದಾಗ. ತಿಂಗಳಿಗೆ ನಾಲ್ಕು ಭಾನುವಾರ, ಅದರಲ್ಲಿ ಅವನು ಬರುತ್ತಿದ್ದುದು ಒಂದು. ಬರೆದದ್ದರಲ್ಲಿ ಮುಕ್ಕಾಲು ಪಾಲು ನಿಜ. ತಾನು ಬರೆದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಅವನಿಗೆ ಹೊಸದು. ಕಾಗದದ ಮೇಲೆ ಅಷ್ಟು ಚೆಂದ ಕೂತಿದ್ದ ಚಪ್ಪಲಿಗಳು ಈಗ ಮಂಚದ ಕೆಳಗಿಂದ, ಹಿಮ್ಮಡಿ ಸವೆದು, ಅವನನ್ನೇ ನೋಡುತ್ತಿದ್ದವು. ದೊಡ್ಡಕ್ಕ ಅಡುಗೆಮನೆಗೆ ಹೋಗಿಬಿಟ್ಟಳು.

ತಮ್ಮ ಕಾಗದ ಮಡಚುವುದನ್ನು ನಿಲ್ಲಿಸಿ, ತಲೆ ಓರೆ ಮಾಡಿ, ಕೊನೆಯವರೆಗೂ ಕೇಳಿದ್ದ. ಕತೆ ಹೇಳಿದರೆ ಚಿಕ್ಕಂದಿನಲ್ಲೂ ಹಾಗೆಯೇ ಕೇಳುತ್ತಿದ್ದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಪಾಪ," ಎಂದ. "ಯಾರೂ ಬರಲ್ವಾ ಅವ್ರಿಗೆ?"

ಅಧಿಕಾರಿ ಫೈಲನ್ನು ತೊಡೆಯ ಮೇಲಿಳಿಸಿದಳು. "ಬರಲ್ವಂತೆ," ಎಂದಳು ಮೆಲ್ಲಗೆ.

"ಇಲ್ಲಿಗೇ ಕರ್ಕೊಂಡ್ ಬನ್ನಿ ಅವ್ರನ್ನ. ನನ್ ಮಂಚ ದೊಡ್ಡದಿದೆ. ನಾನು ಗೋಡೆ ಕಡೆ ಮಲಗ್ತೀನಿ." ಸರಿದು ಕೂತು ಜಾಗವನ್ನೂ ತೋರಿಸಿದ. ಆಮೇಲೆ ಏನೋ ಹೊಳೆದು ಮುಖ ಬೆಳಗಿತು. "ಅರ್ಜಿ ಬರೀಬೇಕು ಅಷ್ಟೇ. ನಮ್ಮಣ್ಣ ಬರೀತಾನೆ. ಅವ್ನು ಬರೆದ್ರೆ ಸಿಕ್ಕೇ ಸಿಗತ್ತೆ."

ಹೇಳಿ ಮುಗಿಸುವಷ್ಟರಲ್ಲಿ ಅಂಟು ಮೆತ್ತಿದ ಎರಡೂ ಕೈ ಬಾಯಿಯ ಮೇಲೆ ಬಿದ್ದವು.

"ನಿಮ್ಮಣ್ಣ ಯಾರು?" ಎಂದಳು ಅಧಿಕಾರಿ.

ತಮ್ಮ ತಗಡನ್ನು ನೋಡಿದ, ಬಕೆಟ್ಟನ್ನು ನೋಡಿದ, ಬಾಗಿಲ ಆಚೆಗಿನ ಹುಲ್ಲನ್ನು ನೋಡಿದ. ಎಲ್ಲಿ ನೋಡಬಾರದೋ ಅಲ್ಲಿ ಮಾತ್ರ ನೋಡಲಿಲ್ಲ. ಬೆರಳ ಸಂದಿಯಿಂದ ಉಸಿರು ಬುಸುಗುಡುತ್ತಿತ್ತು, ಕತ್ತಿನ ನರ ಉಬ್ಬಿತ್ತು. ಒಬ್ಬ ಮನುಷ್ಯ ಮೈಯ ಶಕ್ತಿಯನ್ನೆಲ್ಲ ಹಾಕಿ ಒಂದು ಶಬ್ದವನ್ನು ಒಳಗೆ ಹಿಡಿದಿಟ್ಟುಕೊಂಡಿರುವುದನ್ನು ಇವನು ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ಈಗ ಹೇಳಬಹುದು ಎಂದುಕೊಂಡ. ನಾನೇ ಎಂದರೆ ಮುಗಿಯಿತು, ಎರಡು ಅಕ್ಷರ. ಹಾಗೆಂದುಕೊಳ್ಳುತ್ತಿರುವಾಗಲೇ ತನ್ನ ದನಿ, ಕಚೇರಿಯಲ್ಲಿ ಆಡುವ ಆ ಒರೆಸಿಟ್ಟ ದನಿ, ಹೇಳುತ್ತಿರುವುದು ಕೇಳಿಸಿತು.

"ಇಲ್ಲಿಗೆ ಬರೋ ಗಂಡಸರೆಲ್ಲ ಇವರಿಗೆ ಅಣ್ಣನೇ ಮೇಡಂ. ಇವರದು ಹಾಗೆ."

ಇವರಿಗೆ. ಇವರದು. ಹುಟ್ಟಿದಾಗಿನಿಂದ ಅವನು ತಮ್ಮನನ್ನು ಬಹುವಚನದಲ್ಲಿ ಕರೆದಿರಲಿಲ್ಲ. ಲೋ, ಬಾರೋ, ದಡ್ಡ ಮುಂಡೇದೆ, ಉಣ್ಣೋ ಸಾಕು. ಬೈಗುಳವೇ ಆಗಲಿ ಏಕವಚನದಲ್ಲಿ ಒಂದು ಮನೆಯಿತ್ತು, ಒಂದು ಒಲೆಯಿತ್ತು. ಈಗ ಕೊಟ್ಟ ಮರ್ಯಾದೆಯಲ್ಲಿ ಏನೂ ಇರಲಿಲ್ಲ. ಅಧಿಕಾರಿ "ಓಹೋ" ಎಂದು ನಕ್ಕು, ತಮ್ಮನ ಭುಜ ತಟ್ಟಿ, ಇಪ್ಪತ್ತರ ಎದುರು ಗುರುತು ಹಾಕಿದಳು. ತಮ್ಮ ಬಾಯಿಂದ ಕೈ ತೆಗೆದ. ಗಡ್ಡದ ತುಂಬ ಅಂಟಾಗಿತ್ತು. ಅವನ ಮುಖದಲ್ಲಿ ನೋವಿರಲಿಲ್ಲ. ಗೆದ್ದ ಹುಮ್ಮಸ್ಸಿತ್ತು, ಅಣ್ಣನೂ ತನ್ನ ಹಾಗೇ ಸರಿಯಾಗಿ ಪಾಠ ಒಪ್ಪಿಸಿದನಲ್ಲ ಎಂಬ ಹುಮ್ಮಸ್ಸು.

ಅಧಿಕಾರಿಯ ಜೀಪು ಗೇಟಿನ ಹೊರಗೆ ನಿಂತಿತ್ತು. ಡ್ರೈವರು ಎಲ್ಲೋ ಟೀ ಕುಡಿಯಲು ಹೋಗಿದ್ದ. ಅವಳು ಹಿಂದಿನ ಸೀಟಿನಲ್ಲಿ ಬಾಗಿಲು ತೆರೆದುಕೊಂಡು ಕೂತು ವರದಿಯ ಕೊನೆಯ ಸಾಲು ಬರೆಯುತ್ತಿದ್ದಳು. ಅವನು ಹೋಗಿ ಬಾಗಿಲ ಹತ್ತಿರ ನಿಂತ. ಯಾಕೆ ಹೋದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡ. ಕಾಲು ಹೋಗಿತ್ತು, ಅಷ್ಟೇ. ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಮೇಡಂ, ಅವನು ನನ್ನ ತಮ್ಮ," ಎಂದ. "ಸ್ವಂತ ತಮ್ಮ."

ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. ಸಾಲು ಮುಗಿಸಿ, ಪೆನ್ನು ಮುಚ್ಚಿ, ಆಮೇಲೆ ತಲೆಯೆತ್ತಿದಳು. ಅವನ ಮುಖಕ್ಕಿಂತ ಸ್ವಲ್ಪ ಪಕ್ಕಕ್ಕೆ, ಕಿವಿಯ ಕಡೆ ನೋಡಿದಳು. "ಇಬ್ಬರದೂ ಒಂದೇ ಅಚ್ಚು," ಎಂದಳು. "ಮಂಚದ ಮೇಲೆ ಕೂತಾಗಲೇ ನೋಡಿದೆ." ಕೆಮ್ಮು ಬಂತು, ಕರವಸ್ತ್ರ ಹಿಡಿದು ಕೆಮ್ಮಿದಳು. "ನೋಡಿ. ನೀವು ಈಗ ಹೇಳಿದ್ದನ್ನ ನಾನು ಕೇಳಿಸಿಕೊಂಡೆ ಅಂದ್ರೆ ಈ ವರದಿ ಹರೀಬೇಕಾಗತ್ತೆ. ಅರ್ಜಿ ವಾಪಸ್ ಹೋಗತ್ತೆ. ಮುಂದಿನ ವರ್ಷ ಈ ಯೋಜನೆ ಇರತ್ತೋ ಇಲ್ವೋ, ಈ ಸೀಟಲ್ಲಿ ನಾನಿರ್ತೀನೋ ಇಲ್ವೋ. ಒಳಗೆ ಆ ತಗಡು ನೋಡಿದೆ, ಒಂದು ಗಾಳಿ ಸಾಕು. ಹೇಳಿ, ಕೇಳಿಸಿಕೊಳ್ಲಾ?"

ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಅದೇ ಕಷ್ಟವಾಯಿತು. ಶಿಕ್ಷೆಯನ್ನೋ ಕ್ಷಮೆಯನ್ನೋ ತೆಗೆದುಕೊಂಡು ಹೋಗೋಣವೆಂದು ಚಾಚಿದ ಕೈಗೆ ಅವಳು ತನ್ನ ಪೆನ್ನನ್ನೇ ಇಟ್ಟ ಹಾಗಾಗಿತ್ತು. ಹತ್ತೊಂಬತ್ತು ಮಂಚಗಳು ನೆನಪಾದವು. ಅವುಗಳ ನೆರಳಲ್ಲಿ ತಾನು ಎಷ್ಟು ಸುಲಭವಾಗಿ ಅಡಗಿಕೊಳ್ಳಬಹುದು ಎಂಬುದೂ ಕಂಡಿತು. ಮೊದಲ ಸಲ ಬಾಯಿ ತಾನಾಗಿ ಆಡಿತ್ತು, ಹಾಗೆಂದು ಹೇಳಿಕೊಳ್ಳಬಹುದಿತ್ತು. ಈಗ ಹಾಗಲ್ಲ. ಡ್ರೈವರು ಬಾಯಿ ಒರೆಸಿಕೊಳ್ಳುತ್ತ ಬಂದು ಜೀಪು ಹತ್ತಿದ. ಅವಳು ಇನ್ನೂ ಅವನನ್ನೇ ನೋಡುತ್ತಿದ್ದಳು. ಅವನು ಒಂದು ಹೆಜ್ಜೆ ಹಿಂದೆ ಸರಿದು ಜೀಪಿಗೆ ದಾರಿ ಬಿಟ್ಟ. "ಬರ್ತೀನಿ ಮಾಸ್ತ್ರೇ," ಎಂದು ಅವಳು ಬಾಗಿಲೆಳೆದುಕೊಂಡಳು. ದೊಡ್ಡಕ್ಕ ಕರೆಯುವುದನ್ನು ಕೇಳಿ ಆ ಹೆಸರು ಕಲಿತಿದ್ದಳು.

ಧೂಳು ಅಡಗುವ ತನಕ ಅಲ್ಲೇ ಇದ್ದು ಒಳಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ತಮ್ಮ ಮಾತ್ರ ಹೊರಗೆ, ಖಾಲಿ ಜಾಗದ ಅಂಚಿನ ಕಟ್ಟೆಯ ಮೇಲೆ, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಣ್ಣದೆ ಕೂತಿದ್ದ. ಅವನು ಹೋಗಿ ಪಕ್ಕದಲ್ಲಿ ಕೂತ. ತಮ್ಮ ಒಂದು ಗೇಣು ದೂರ ಸರಿದ.

"ಹೋದ್ರಾ?" ಎಂದ ತಮ್ಮ, ಹುಲ್ಲನ್ನೇ ನೋಡುತ್ತ, ಪಿಸುಮಾತಿನಲ್ಲಿ.

"ಹೋದ್ರು."

"ಮನೆ ಕೊಡ್ತಾರಂತಾ?"

"ಕೊಡ್ತಾರೆ."

ತಮ್ಮ ತಲೆಯಾಡಿಸಿದ. ಸಮಾಧಾನವಾದಾಗ ಮಾಡುವಂತೆ ಎರಡು ಸಲ ಮೂಗಿನಿಂದ ಉಸಿರುಬಿಟ್ಟ.

"ಈಗ ಕರಿಯೋ," ಎಂದ ಇವನು. "ಅವರು ಹೋದ್ರಲ್ಲ. ಇನ್ನು ಪರವಾಗಿಲ್ಲ. ಕರಿ."

ತಮ್ಮ ಯೋಚಿಸಿದ. ಯೋಚಿಸುವಾಗ ಅವನ ಹಣೆಯಲ್ಲಿ ಮೂಡುವ ಗೆರೆ ಅಪ್ಪನದು. ತಟ್ಟೆಯ ಅನ್ನದಲ್ಲಿ ಬೆರಳಿನಿಂದ ಒಂದು ಗೋಡೆ ಮಾಡಿದ, ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಮೊದಲ ಸಲ ಇವನ ಕಡೆ ಪೂರ್ತಿ ತಿರುಗಿದ. ಚಿಕ್ಕ ಮಗುವಿಗೆ ಬುದ್ಧಿ ಹೇಳುವವರ ಮುಖ ಅದು, ಅಮ್ಮನ ಮುಖ.

"ಬೇಡ ಸರ್," ಎಂದ. "ಮತ್ತೆ ಬಂದ್ರೆ? ಕೇಳಿಸ್ಕೊಂಡ್ರೆ? ಕಟ್ಟಿ ಮುಗೀಲಿ. ಮೇಲೆ ಚಾವಣಿನೂ ಹಾಕ್ಲಿ. ಆಮೇಲೆ ಕರೀತೀನಿ." ಇವನ ಮುಖದಲ್ಲಿ ಏನು ಕಂಡನೋ, ಅಂಟಿನ ಕೈಯಿಂದ ಇವನ ಮೊಣಕಾಲನ್ನು ಮೆಲ್ಲಗೆ ಒಂದು ಸಲ ತಟ್ಟಿದ. "ಸ್ವಲ್ಪ ದಿನ ತಡ್ಕೊಳ್ಳಿ."

ಸ್ವಲ್ಪ ದಿನ. ಎಷ್ಟು ದಿನವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ವರದಿ ಈ ವಾರ ಅಧಿಕಾರಿಯ ಮೇಜಿನಿಂದ ಏಳುತ್ತದೆ. ಗುಮಾಸ್ತನ ಹತ್ತಿರ ಹದಿನೈದು ದಿನ. ಅಲ್ಲಿಂದ ಮೇಲಿನವರು, ಅವರು ರಜೆಯಲ್ಲಿದ್ದರೆ ಒಂದು ತಿಂಗಳು. ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ, ಈ ಸಲದ್ದು ಮೊನ್ನೆಯಷ್ಟೇ ಮುಗಿದಿದೆ. ಆಮೇಲೆ ಆಕ್ಷೇಪಣೆ, ಉತ್ತರ, ಆದೇಶ, ಟೆಂಡರು. ಅಳತೆಯ ಇಂಜಿನಿಯರು. ಗುದ್ದಲಿ. ಅಡಿಪಾಯ ಅಗೆದು ಬಿಟ್ಟರೆ ನೀರು ತುಂಬುತ್ತದೆ, ಇಂಗುವವರೆಗೂ ಕಾಯಬೇಕು. ಗೋಡೆ ಎದೆಮಟ್ಟಕ್ಕೆ ಬರುವ ಹೊತ್ತಿಗೆ ಎರಡನೆಯ ಕಂತು ನಿಲ್ಲುತ್ತದೆ, ಯಾವಾಗಲೂ ಅಲ್ಲೇ ನಿಲ್ಲುತ್ತದೆ. ಎದುರಿಗೆ ಮೊಣಕಾಲುದ್ದದ ಹುಲ್ಲು ಬಿಸಿಲಿನಲ್ಲಿ ಅಲ್ಲಾಡದೆ ನಿಂತಿತ್ತು. ತಮ್ಮ ತಟ್ಟೆಯನ್ನು ಇಬ್ಬರ ನಡುವೆ ಇಟ್ಟು, ಗೋಡೆಗಳನ್ನು ಕೆಡವಿ, ಕಲಸಿ, ಉಣ್ಣತೊಡಗಿದ.